ಇಂಗ್ಲೆಂಡಿನ ಹಳೇ ಹಳ್ಳಿ ಚರ್ಚುಗಳು: ಸಂತರ ಮುಖ ಮಾತ್ರ ಯಾಕೆ ಕೆರೆದಿದ್ದಾರೆ, ಗೋಡೆಯೊಳಗಿನ ಮೆಟ್ಟಿಲು ಎಲ್ಲಿಗೆ ಹೋಗುತ್ತದೆ?

ಗಂಧದಕೊರಡು, ಸಾಗರ

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರದಲ್ಲಿ ಗಂಧದ ಕೆತ್ತನೆ ಮಾಡುವ ಮನೆ. ಅಣ್ಣನ ಮಗಳು ಓದಲು ಇಂಗ್ಲೆಂಡಿನ ನಾರ್ವಿಚ್‌ಗೆ ಹೋಗಿದ್ದಾಳೆ. ಬಿಡುವು ಸಿಕ್ಕಾಗ ಸುತ್ತಮುತ್ತಲ ಹಳ್ಳಿ ಚರ್ಚುಗಳಿಗೆ ಹೋಗಿ ಅಲ್ಲಿನ ಮರಗೆಲಸದ ಫೋಟೋ ತೆಗೆದು ನಮಗೆ ಕಳಿಸುತ್ತಾಳೆ. ಐನೂರು, ಆರುನೂರು ವರ್ಷದ ಓಕ್ ಮರವಂತೆ. ಫೋಟೋ ದೊಡ್ಡದು ಮಾಡಿ ನೋಡಿದರೆ ಉಳಿ ಎಲ್ಲಿ ತಿರುಗಿದೆ ಅಂತ ಈಗಲೂ ಕಾಣುತ್ತದೆ. ಎರಡು ಮರ ಸೇರುವಲ್ಲಿ ಒಂದರ ತುದಿಯನ್ನು ಇನ್ನೊಂದರ ತೂತಿಗೆ ಕೂರಿಸಿ, ಅಡ್ಡಕ್ಕೆ ಮರದ ಗೂಟ ಹೊಡೆದಿದ್ದಾರೆ. ಮೊಳೆ ಅನ್ನುವುದೇ ಇಲ್ಲ. ನೋಡಿ ಖುಷಿಯಾಯಿತು.

ಆದರೆ ಕೆಲವು ವಿಷಯ ಅರ್ಥವಾಗುತ್ತಿಲ್ಲ. ಚರ್ಚಿನ ನಡುವೆ ಅಡ್ಡಕ್ಕೆ ಒಂದು ಮರದ ಜಾಲಂಧ್ರದ ತಡಿಕೆ ಇದೆ. ಅದರ ಕೆಳಗಿನ ಹಲಗೆಗಳಲ್ಲಿ ಸಂತರ ಚಿತ್ರ. ಬಟ್ಟೆಯ ಚಿನ್ನದ ಹೂವು ಹಾಗೇ ಇದೆ, ಮುಖ ಮಾತ್ರ ಕೆರೆದು ತೆಗೆದಿದ್ದಾರೆ. ಕಣ್ಣಿನ ಜಾಗದಲ್ಲಿ ಚೂಪಾದದ್ದರಿಂದ ಕುಕ್ಕಿದ ಗುರುತು. ಪಕ್ಕದ ಗೋಡೆಯಲ್ಲಿ ಒಂದು ಸಣ್ಣ ಬಾಗಿಲು, ಒಳಗೆ ಕಲ್ಲಿನ ಮೆಟ್ಟಿಲು. ಹತ್ತಿ ಹೋದರೆ ಮೇಲೆ ಇನ್ನೊಂದು ಬಾಯಿ, ಅದರ ಮುಂದೆ ಏನೂ ಇಲ್ಲ, ಬರೀ ಗಾಳಿ. ಬಲಿಪೀಠದ ಹತ್ತಿರ ಗೋಡೆಯಲ್ಲಿ ಬಟ್ಟಲಿನಷ್ಟು ಕಲ್ಲಿನ ಗುಳಿ, ತಳದಲ್ಲಿ ತೂತು. ಇನ್ನೊಂದು ದೊಡ್ಡ ಚರ್ಚಿನಲ್ಲಿ ಮಡಚುವ ಕುರ್ಚಿಯ ಅಡಿಯಲ್ಲಿ ಯಾರಿಗೂ ಕಾಣದ ಹಾಗೆ ನರಿ, ಬಾತುಕೋಳಿ ಕೆತ್ತಿದ್ದಾರೆ. ಇಷ್ಟೆಲ್ಲ ಮಾಡಿದವರು ಗೋಡೆಗೆ ಮಾತ್ರ ಯಾಕೆ ಬರೀ ಸುಣ್ಣ ಹೊಡೆದು ಬಿಟ್ಟರು?

ತಿಳಿದವರು ಸ್ವಲ್ಪ ವಿವರವಾಗಿ ಹೇಳಿ.

ತುಂಗೆಯಮಗಳು, ಶಿವಮೊಗ್ಗ

ಗಂಧದಕೊರಡು ಅವರೇ, ನಾನು ಸಫೊಕ್‌ನಲ್ಲಿ ತುಂಬಾ ವರ್ಷ ನರ್ಸ್ ಆಗಿದ್ದೆ. ನಿಮ್ಮ ಹುಡುಗಿ ಇರುವ ನಾರ್ಫೊಕ್‌ಗೆ ಅದು ಅಂಟಿಕೊಂಡೇ ಇದೆ. ರಜೆ ಸಿಕ್ಕಿದಾಗ ಬಸ್ಸು ಹತ್ತಿ ಇವೇ ಚರ್ಚುಗಳನ್ನು ಸುತ್ತಿದವಳು ನಾನು. ಇಲ್ಲಿ ಚಿಕ್ಕಂದಿನಿಂದ ಬಲಿಪೂಜೆ, ಅಂದರೆ ಕ್ಯಾಥೊಲಿಕ್ ಚರ್ಚಿನ ರೊಟ್ಟಿ, ದ್ರಾಕ್ಷಾರಸದ ಪೂಜೆ, ನೋಡಿ ಬೆಳೆದಿದ್ದೆ. ಹಾಗಾಗಿ ಅಲ್ಲಿನ ಖಾಲಿ ಜಾಗದಲ್ಲಿ ಮೊದಲು ಏನಿತ್ತು ಅಂತ ಬೇಗ ಹೊಳೆಯುತ್ತಿತ್ತು. ಆ ಚರ್ಚುಗಳನ್ನು ಕಟ್ಟಿದಾಗ ಇಡೀ ಇಂಗ್ಲೆಂಡ್ ಕ್ಯಾಥೊಲಿಕ್ ಆಗಿತ್ತಲ್ವಾ.

ಇವನ್ನು ನೋಡಲು ಹೋದವರು ಮೊದಲು ಕಮಾನು, ಕಿಟಕಿ ಅಂತ ಶುರು ಮಾಡುತ್ತಾರೆ. ನನ್ನ ಕೇಳಿದರೆ ಮೊದಲು ನೋಡಬೇಕಾದ್ದು ಯಾವ ಭಾಗ ಯಾರ ಖರ್ಚಿನದು ಅನ್ನುವುದನ್ನು. ಪೂರ್ವದ ತುದಿಯಲ್ಲಿ ಬಲಿಪೀಠ ಇರುವ ಭಾಗ ಚಾನ್ಸೆಲ್, ಅದು ಪಾದ್ರಿಯದು. ಪಶ್ಚಿಮದ ಕಡೆಯ ದೊಡ್ಡ ಹಜಾರ ನೇವ್, ಅದು ಊರಿನವರದು. 13ನೇ ಶತಮಾನದಿಂದಲೇ ಈ ಲೆಕ್ಕ ಇದೆ. ಚಾನ್ಸೆಲ್‌ನ ಮಾಡು ಸೋರಿದರೆ ಆ ಊರಿನ ದಶಾಂಶ ಕಾಣಿಕೆ ತಿನ್ನುವವರು ರಿಪೇರಿ ಮಾಡಿಸಬೇಕಿತ್ತು, ನೇವ್ ಸೋರಿದರೆ ಊರಿನವರು. ಈ ಹಳೇ ಕಟ್ಟುಪಾಡು ಇನ್ನೂ ಸತ್ತಿಲ್ಲ. ವಾರ್ವಿಕ್‌ಶೈರ್‌ನ ಆಸ್ಟನ್ ಕ್ಯಾಂಟ್‌ಲೋ ಎಂಬ ಹಳ್ಳಿಯಲ್ಲಿ ಒಂದು ಜಮೀನಿನ ಜೊತೆ ಚಾನ್ಸೆಲ್ ರಿಪೇರಿಯ ಹೊಣೆಯೂ ಬಂದಿತ್ತು. ಕೇಸು ಮೇಲಿನ ಕೋರ್ಟಿನವರೆಗೆ ಹೋಗಿ, 2003ರಲ್ಲಿ ಜಮೀನಿನ ಮಾಲೀಕರೇ ಖರ್ಚು ಕೊಡಬೇಕು ಅಂತ ತೀರ್ಪಾಯಿತು.

ಹಾಗಾಗಿ ಎಷ್ಟೋ ಕಡೆ ಚಾನ್ಸೆಲ್ ಚಿಕ್ಕದು, ಹಳೆಯದು. ನೇವ್ ಮಾತ್ರ ಎತ್ತರ, ಬೆಳಕು, ದೊಡ್ಡ ಕಿಟಕಿ. ಉಣ್ಣೆ ವ್ಯಾಪಾರದಲ್ಲಿ ದುಡ್ಡು ಬಂದ ಊರುಗಳಲ್ಲಿ ಇದು ಎದ್ದು ಕಾಣುತ್ತದೆ. ಸಫೊಕ್‌ನ ಲ್ಯಾವೆನಮ್ ನೋಡಿದರೆ ಗೊತ್ತಾಗುತ್ತದೆ, ಅಷ್ಟು ಚಿಕ್ಕ ಊರಿಗೆ 141 ಅಡಿಯ ಗೋಪುರ! ಎಲ್ಲ ಊರಿನಲ್ಲೂ ಶ್ರೀಮಂತರು ಇರಲಿಲ್ಲ. ಬೇರೆ ಕಡೆ ಊರಿನವರೇ ಏಲ್ ಎಂಬ ಮದ್ಯ ಕಾಯಿಸಿ, ಹಬ್ಬ ಮಾಡಿ, ಮಾರಿ ಬಂದ ದುಡ್ಡನ್ನು ಚರ್ಚಿಗೆ ಹಾಕುತ್ತಿದ್ದರು. ಡೆವನ್‌ನ ಮೋರ್‌ಬಾತ್ ಹಳ್ಳಿಯ ಪಾದ್ರಿ 1520ರಿಂದ 1574ರವರೆಗೆ ಬರೆದಿಟ್ಟ ಲೆಕ್ಕಪತ್ರ ಉಳಿದಿದೆ. ಚರ್ಚಿನ ಕುರಿಗಳನ್ನು ಊರಿನವರು ತಮ್ಮ ಮಂದೆಯಲ್ಲೇ ಮೇಯಿಸುತ್ತಿದ್ದರು, ಉಣ್ಣೆಯ ದುಡ್ಡು ಚರ್ಚಿಗೆ. ಯುವಕರ ನಿಧಿ ಬೇರೆ, ಮದುವೆಯಾಗದ ಹುಡುಗಿಯರ ನಿಧಿ ಬೇರೆ. ಹೆಂಗಸರು ಸಾಯುವಾಗ ಜಪಮಾಲೆ, ಉಂಗುರ, ತಲೆವಸ್ತ್ರ ಇಂಥ ಸಂತರ ಮೂರ್ತಿಗೆ ಅಂತ ಉಯಿಲಿನಲ್ಲಿ ಬರೆಸುತ್ತಿದ್ದರು. ನಿಮ್ಮ ಫೋಟೋದಲ್ಲಿರುವ ಹಲಗೆಗಳೂ ಹೀಗೆ ಕೂಡಿಟ್ಟ ಹಣದಿಂದಲೇ ಬಂದವು. ಅದು ಗೊತ್ತಿದ್ದರೆ ಆ ಕೆರೆದ ಮುಖ ನೋಡುವ ರೀತಿಯೇ ಬೇರೆ ಆಗುತ್ತದೆ.

ಈಗ ತಡಿಕೆಗೆ ಬರೋಣ. ಅದು ರೂಡ್ ಸ್ಕ್ರೀನ್, ರೂಡ್ ಅಂದರೆ ಶಿಲುಬೆ. ನೇವ್‌ಗೂ ಚಾನ್ಸೆಲ್‌ಗೂ ನಡುವಿನ ಗಡಿ. ಕೆಳಗೆ ಗಟ್ಟಿ ಹಲಗೆ, ಮೇಲೆ ಕಂಡಿ. ಬಲಿಪೂಜೆಯಲ್ಲಿ ಪಾದ್ರಿ ರೊಟ್ಟಿಯನ್ನು ಎತ್ತಿ ತೋರಿಸುವುದು ಜನರಿಗೆ ಕಾಣಲೇಬೇಕಿತ್ತು. ತಡಿಕೆಯ ನೆತ್ತಿಯ ಮೇಲೆ ಒಂದು ಸಣ್ಣ ಅಟ್ಟ ಇತ್ತು. ಅದರ ಮೇಲೆ ದೊಡ್ಡ ಶಿಲುಬೆಯಲ್ಲಿ ಯೇಸು, ಆಚೆ ಈಚೆ ಮಾತೆ ಮರಿಯಮ್ಮ ಮತ್ತು ಸಂತ ಯೊವಾನ್ನರು, ಮುಂದೆ ಸಾಲು ಮೇಣದಬತ್ತಿ. ಬತ್ತಿ ಹಚ್ಚಲು, ಕೆಲವು ಕಡೆ ಹಾಡಲು ಕೂಡ ಆ ಅಟ್ಟಕ್ಕೆ ಹತ್ತಬೇಕು. ನೀವು ಕೇಳಿದ ಮೆಟ್ಟಿಲು ಅದಕ್ಕೇ. ಆರನೇ ಎಡ್ವರ್ಡ್ ಕಾಲದಲ್ಲಿ, 1547–48ರಲ್ಲಿ ದೇಶ ಪ್ರೊಟೆಸ್ಟೆಂಟ್ ಆಗಿ, ಮೂರ್ತಿಪೂಜೆ ತಪ್ಪು ಅಂತ ಮೂರ್ತಿಗಳನ್ನೆಲ್ಲ ತೆಗೆಸಿದರು. ಕ್ಯಾಥೊಲಿಕ್ ಆಗಿದ್ದ ಮೇರಿ ರಾಣಿ 1553ರಲ್ಲಿ ಪಟ್ಟಕ್ಕೆ ಬಂದು ಮತ್ತೆ ಇಡಿಸಿದಳು. ಮೋರ್‌ಬಾತ್‌ನಲ್ಲಿ ಜನ ಮನೆಯಲ್ಲಿ ಇಟ್ಟುಕೊಂಡಿದ್ದ ಸಾಮಾನನ್ನು ಆಗ ವಾಪಸ್ ತಂದುಕೊಟ್ಟರು, ಅದೂ ಆ ಲೆಕ್ಕಪತ್ರದಲ್ಲಿದೆ. ಆಮೇಲೆ ಎಲಿಜಬೆತ್ ರಾಣಿ ಬಂದಳು, ದೇಶ ಮತ್ತೆ ಪ್ರೊಟೆಸ್ಟೆಂಟ್. 1561ರಲ್ಲಿ ಅಟ್ಟ ಕೀಳಬೇಕು, ಕೆಳಗಿನ ತಡಿಕೆ ಮಾತ್ರ ಇರಲಿ ಅಂತ ಆಜ್ಞೆಯಾಯಿತು. ಅಟ್ಟ ಹೋಯಿತು. ಗೋಡೆ ಒಡೆದು ಮೆಟ್ಟಿಲು ಯಾರು ತೆಗೆಯುತ್ತಾರೆ? ಉಳಿಯಿತು.

ಮುಖ ಮಾತ್ರ ಯಾಕೆ ಅಂದರೆ, ಮೂರ್ತಿಯ ಶಕ್ತಿ ಇರುವುದು ಮುಖದಲ್ಲಿ, ಕಣ್ಣಿನಲ್ಲಿ. ಭಿನ್ನವಾದ ಮೂರ್ತಿಗೆ ಪೂಜೆ ಇಲ್ಲ ಅಂತ ನಮ್ಮಲ್ಲೂ ಇದೆಯಲ್ಲ, ಅದೇ ಲೆಕ್ಕ. ಮುಖ ಕೆರೆದರೆ ಅದರ ಮುಂದೆ ಯಾರೂ ಮೊಣಕಾಲೂರುವುದಿಲ್ಲ, ಹಲಗೆಯೂ ಹಾಳಾಗುವುದಿಲ್ಲ. ಹತ್ತಿರ ನಿಂತು ನೋಡಿದರೆ ಒಬ್ಬನ ಕೈ ಇನ್ನೊಬ್ಬನ ಕೈಗಿಂತ ಬೇರೆ ಅಂತ ಗೊತ್ತಾಗುತ್ತದೆ. ಒಂದು ಮುಖ ಬೇರು ಸಮೇತ ಕೆತ್ತಿ ತೆಗೆದ ಹಾಗೆ ಇರುತ್ತದೆ. ಪಕ್ಕದ್ದಕ್ಕೆ ಕಣ್ಣಿನ ಮೇಲೆ ಎರಡು ಗೀರು, ಅಷ್ಟೇ. ಆ ಎರಡನೆಯವನು ಊರಿನವನೇ ಇರಬೇಕು, ಮನಸ್ಸಿಲ್ಲದೆ ಆಜ್ಞೆ ಪಾಲಿಸಿದವನು ಅಂತ ನನಗೆ ಯಾವಾಗಲೂ ಅನ್ನಿಸುತ್ತಿತ್ತು. ಒಂದೂ ಗಾಯವಾಗದ ಸಾಲು ನೋಡಬೇಕು ಅಂದರೆ ಹುಡುಗಿಯನ್ನು ರ್‍ಯಾನ್‌ವರ್ತ್‌ಗೆ ಕಳಿಸಿ ಅನ್ನಲಾರೆ, ಅಲ್ಲೂ ಸ್ವಲ್ಪ ಪೆಟ್ಟು ಬಿದ್ದಿದೆ. ಆದರೂ ತಪ್ಪದೆ ಕಳಿಸಿ. ನಾರ್ವಿಚ್‌ನಿಂದ ಹತ್ತಿರ. ತಡಿಕೆಯ ಎರಡೂ ಬದಿಗೆ ರೆಕ್ಕೆಯ ಹಾಗೆ ಚಾಚಿದ ಹಲಗೆಗಳಿವೆ, ಒಂದರಲ್ಲಿ ಸಂತ ಮಿಖೇಲ್, ಇನ್ನೊಂದರಲ್ಲಿ ಸಂತ ಜಾರ್ಜ್. ಬಣ್ಣ ಇನ್ನೂ ತಾಜಾ.

ತೂತಿರುವ ಗುಳಿಯ ಹೆಸರು ಪಿಸಿನಾ. ಪಾದ್ರಿ ಪಾತ್ರೆ ತೊಳೆದ ನೀರು ಪವಿತ್ರ, ಎಲ್ಲೆಂದರಲ್ಲಿ ಚೆಲ್ಲುವ ಹಾಗಿಲ್ಲ. ಗೋಡೆಯೊಳಗಿಂದ ನೇರ ಚರ್ಚಿನ ನೆಲಕ್ಕೇ ಇಳಿಯಬೇಕು. ಇದು ಸಾಮಾನ್ಯವಾಗಿ ಬಲಿಪೀಠದ ದಕ್ಷಿಣದ ಗೋಡೆಯಲ್ಲಿ ಇರುತ್ತದೆ. ಪಕ್ಕದಲ್ಲಿ ಗೋಡೆ ಕೊರೆದು ಮಾಡಿದ ಮೂರು ಕಲ್ಲಿನ ಆಸನ ಇದ್ದರೆ ಅದು ಸೆಡಿಲಿಯಾ, ಪಾದ್ರಿಗೂ ಇಬ್ಬರು ಸಹಾಯಕರಿಗೂ.

ಹಳೆಮನೆ, ತೀರ್ಥಹಳ್ಳಿ

ಗೋಡೆಯ ಪ್ರಶ್ನೆಗೆ ನಾನು ಹೇಳುತ್ತೇನೆ. ಹಳೇ ತೊಟ್ಟಿ ಮನೆಗಳ ರಿಪೇರಿ ನನ್ನ ಕೆಲಸ. ಸುಣ್ಣದ ಗಾರೆ ವಿಷಯ ಓದುತ್ತಾ ಹೋದಾಗ ಈ ಚರ್ಚುಗಳು ಎದುರಾದವು.

ಆ ಗೋಡೆಗಳನ್ನು ಬರೀ ಸುಣ್ಣ ಹೊಡೆದು ಬಿಟ್ಟಿರಲಿಲ್ಲ ಮಾರಾಯ್ರೆ. ನೆಲದಿಂದ ಮಾಡಿನವರೆಗೆ ಚಿತ್ರ ಇತ್ತು. ಕೆಂಪು ಕಾವಿ, ಹಳದಿ ಕಾವಿ, ಸುಣ್ಣದ ಬಿಳಿ, ಮಸಿಯ ಕಪ್ಪು, ಹೆಚ್ಚಿನ ಕಡೆ ಇಷ್ಟರಲ್ಲೇ ಮುಗಿಸುತ್ತಿದ್ದರು. ಗಾರೆ ಒಣಗಿದ ಮೇಲೆ ಬರೆಯುವುದು ಅಲ್ಲಿನ ಪದ್ಧತಿ. ಬಾಗಿಲಿಗೆ ಎದುರಿನ ಗೋಡೆಯಲ್ಲಿ ಮಗು ಯೇಸುವನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟುವ ಸಂತ ಕ್ರಿಸ್ಟೋಫರ್. ಬೆಳಿಗ್ಗೆ ಅವನ ಮುಖ ನೋಡಿದರೆ ಆ ದಿನ ಹಠಾತ್ ಸಾವು ಬರುವುದಿಲ್ಲ ಅಂತ ನಂಬಿಕೆ. ಹೊಲಕ್ಕೆ ಹೋಗುವವರಿಗೂ ಕಾಣಲಿ ಅಂತಲೇ ಅಷ್ಟು ದೊಡ್ಡದಾಗಿ ಬರೆಯುತ್ತಿದ್ದರು. 16ನೇ ಶತಮಾನದಲ್ಲಿ ಇದೆಲ್ಲದರ ಮೇಲೆ ಸುಣ್ಣ ಬಿತ್ತು. ಸುಣ್ಣದ ಮೇಲೆ ಬೈಬಲಿನ ವಾಕ್ಯ ಬರೆದರು.

ಅಳಿಸಲು ಹೊಡೆದ ಸುಣ್ಣವೇ ಚಿತ್ರ ಉಳಿಸಿತು. ಪದರದ ಮೇಲೆ ಪದರ ಬಿದ್ದು ಕೆಳಗಿನ ಬಣ್ಣಕ್ಕೆ ಬಿಸಿಲು, ಕೈ ಯಾವುದೂ ತಾಗಲಿಲ್ಲ. ನಿಜವಾದ ಹಾನಿ ಆಗಿದ್ದು 19ನೇ ಶತಮಾನದಲ್ಲಿ. ಹಳೇ ಕಟ್ಟಡ ಅಂದರೆ ಕಲ್ಲು ಕಾಣಬೇಕು ಅಂತ ತಿಳಿದು, ಗಾರೆಯನ್ನೇ ಪೂರ್ತಿ ಕೆರೆದು ಹಾಕಿದರು. ಚಿತ್ರ ಗಾರೆಯ ಜೊತೆಗೇ ಹೋಯಿತು. ಇದನ್ನು ತಡೆಯಬೇಕು ಅಂತಲೇ ವಿಲಿಯಂ ಮಾರಿಸ್ 1877ರಲ್ಲಿ ಹಳೇ ಕಟ್ಟಡಗಳ ರಕ್ಷಣೆಗೆ ಒಂದು ಸಂಘ ಕಟ್ಟಿದರು, ಅದು ಈಗಲೂ ಇದೆ. ಹೊಸದು ಮಾಡಬೇಡಿ, ದಿನಾ ನೋಡಿಕೊಳ್ಳಿ, ಸೋರಿದಲ್ಲಿ ಮುಚ್ಚಿ ಅನ್ನುವುದು ಅವರ ಮಾತಿನ ಸಾರ.

ಸುಣ್ಣದ ಗೋಡೆಗೆ ಸಿಮೆಂಟ್ ಮೆತ್ತಬೇಡಿ ಅನ್ನುವುದನ್ನೂ ಅವರು ಹೇಳುತ್ತಲೇ ಬಂದಿದ್ದಾರೆ. ನಾನು ಇಲ್ಲಿ ಪ್ರತಿ ಮಳೆಗಾಲ ನೋಡುವುದೂ ಅದನ್ನೇ. ಜಂಬಿಟ್ಟಿಗೆ ಗೋಡೆಗೆ ಸಿಮೆಂಟ್ ಮಾಡಿಸಿದ ಮನೆಯಲ್ಲಿ ಒಳಗಿನ ತೇವ ಹೊರಗೆ ಹೋಗಲಾಗದೆ ಉಪ್ಪು ಉಕ್ಕಿ ಪ್ಲಾಸ್ಟರ್ ಹಪ್ಪಳದ ಹಾಗೆ ಏಳುತ್ತದೆ. ಸುಣ್ಣ ಆದರೆ ತೇವ ಕುಡಿದು ಬಿಸಿಲಿಗೆ ಬಿಟ್ಟುಬಿಡುತ್ತದೆ. ನಮ್ಮ ಕಡೆ ಸುಣ್ಣದ ಕೆಲಸ ಗೊತ್ತಿರುವ ಗಾರೆಯವರು ಕಡಿಮೆಯಾಗುತ್ತಿದ್ದಾರೆ. ನನಗೆ ಇದು ತುಂಬಾ ಚಿಂತೆಯ ವಿಷಯ.

ಗಂಧದಕೊರಡು, ಸಾಗರ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅಕ್ಕ, ನೀವು ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ಎರಡು ಪ್ರಶ್ನೆ ಕೇಳಿದರು. ಕುರ್ಚಿಯ ಅಡಿಯ ಕೆತ್ತನೆ ಬೇರೆ ಮಾಡಿ ಅಂಟಿಸಿದ್ದಾ ಅಂತ ಒಂದು. ಇನ್ನೊಂದು ಮಾಡಿನ ಬಗ್ಗೆ. ಒಂದು ಫೋಟೋದಲ್ಲಿ ತೊಲೆಯ ತುದಿಯಲ್ಲೆಲ್ಲ ರೆಕ್ಕೆ ಬಿಚ್ಚಿದ ದೇವದೂತರಿದ್ದಾರೆ. ಆದರೆ ಆ ತೊಲೆ ಈ ಗೋಡೆಯಿಂದ ಆ ಗೋಡೆಗೆ ಹೋಗುವುದೇ ಇಲ್ಲ, ಅರ್ಧಕ್ಕೇ ನಿಂತಿದೆ. ಭಾರ ಯಾವುದರ ಮೇಲೆ ನಿಂತಿದೆ ಅಂತ ಅಪ್ಪ ಕೇಳುತ್ತಿದ್ದಾರೆ.

ತುಂಗೆಯಮಗಳು, ಶಿವಮೊಗ್ಗ

ಅಪ್ಪನಿಗೆ ನನ್ನ ನಮಸ್ಕಾರ ಹೇಳಿ. ಕುರ್ಚಿಯದ್ದು ಅಂಟಿಸಿದ್ದಲ್ಲ. ಕೂರುವ ಹಲಗೆ, ಅಡಿಯ ಚಾಚು, ನಡುವಿನ ಕೆತ್ತನೆ, ಅದರ ಎರಡು ಬದಿಯ ಸಣ್ಣ ಕೆತ್ತನೆ ಎಲ್ಲವೂ ಒಂದೇ ದಪ್ಪ ಓಕ್ ತುಂಡಿನಿಂದ ತೆಗೆದದ್ದು. ಒಂದು ಕಡೆ ಉಳಿ ಜಾರಿದರೆ ಇಡೀ ಕುರ್ಚಿ ಹೋಯಿತು. ಇದಕ್ಕೆ ಮಿಸೆರಿಕಾರ್ಡ್ ಅನ್ನುತ್ತಾರೆ. ಪಾದ್ರಿಗಳು ಗಂಟೆಗಟ್ಟಲೆ ನಿಂತು ಪ್ರಾರ್ಥನೆ ಹಾಡಬೇಕಿತ್ತು. ಕುರ್ಚಿ ಮೇಲೆ ಮಡಚಿದರೆ ಆ ಚಾಚಿನ ಮೇಲೆ ಸ್ವಲ್ಪ ಒರಗಬಹುದು, ನೋಡುವವರಿಗೆ ನಿಂತ ಹಾಗೇ ಕಾಣುತ್ತದೆ. ಕೂರುವ ಜಾಗದ ಅಡಿಯಲ್ಲಿ ಸಂತರನ್ನು ಕೆತ್ತುವುದು ಸರಿಯಲ್ಲ ಅಂತ ಇರಬೇಕು, ಅಲ್ಲಿ ಬರುವುದು ಹೆಚ್ಚಾಗಿ ದಿನನಿತ್ಯದ ಸಂಗತಿ. ಲಡ್ಲೋ ಊರಿನ ದೊಡ್ಡ ಚರ್ಚಿನಲ್ಲಿ ಇಂಥ 28 ಇವೆ. ಅದರಲ್ಲಿ ಒಂದರಲ್ಲಿ ಅಳತೆಯಲ್ಲಿ ಮೋಸ ಮಾಡಿದ ಏಲ್ ಮಾರುವ ಹೆಂಗಸನ್ನು ದೆವ್ವ ಹೊತ್ತುಕೊಂಡು ನರಕಕ್ಕೆ ಹೋಗುತ್ತಿದೆ. ಅವಳ ಕೈಯಲ್ಲಿ ಇನ್ನೂ ಅಳತೆಯ ಪಾತ್ರೆ ಇದೆ.

ಮಾಡು ಹ್ಯಾಮರ್‌ಬೀಮ್ ಕ್ರಮದ್ದು. ಅಗಲ ಜಾಸ್ತಿ, ಅಷ್ಟು ಉದ್ದದ ಮರ ಸಿಗುವುದು ಕಷ್ಟ. ಅದಕ್ಕೆ ಎರಡೂ ಗೋಡೆಯಿಂದ ಗಿಡ್ಡ ತೊಲೆ ಚಾಚುತ್ತಾರೆ. ಅದರ ಅಡಿಗೆ ಗೋಡೆಯಿಂದ ಬಾಗಿದ ಆನಿಕೆ. ಅದರ ತುದಿಯ ಮೇಲೆ ಸಣ್ಣ ಕಂಬ ನಿಲ್ಲಿಸಿ ಮೇಲಿನ ಇಳಿಜಾರು ಮರಕ್ಕೆ ಕೊಡುತ್ತಾರೆ. ಭಾರ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಗೋಡೆಗೆ ಇಳಿಯುತ್ತದೆ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಹಾಲ್‌ಗೆ 1390ರ ದಶಕದಲ್ಲಿ ಈ ರೀತಿಯ ಮಾಡು ಹಾಕಿದವನು ಹ್ಯೂ ಹರ್ಲಂಡ್ ಎಂಬ ಬಡಗಿ. ಆಮೇಲೆ ಈಸ್ಟ್ ಆಂಗ್ಲಿಯಾದ, ಅಂದರೆ ನಾರ್ಫೊಕ್, ಸಫೊಕ್ ಇರುವ ಪೂರ್ವ ಭಾಗದ, ಹಳ್ಳಿಗಳಲ್ಲೂ ಬಂತು. ಕೇಂಬ್ರಿಜ್‌ಶೈರ್‌ನ ಮಾರ್ಚ್ ಊರಿನಲ್ಲಿ ಇದು ಎರಡು ಅಂತಸ್ತಿನದು, ಸುಮಾರು 120 ದೇವದೂತರು. ತಲೆ ಎತ್ತಿದರೆ ಕತ್ತು ನೋಯುವವರೆಗೂ ಇಳಿಸಲು ಮನಸ್ಸಾಗುವುದಿಲ್ಲ.

ದೇವದೂತರು ಉಳಿದದ್ದು ಎತ್ತರದಲ್ಲಿ ಇದ್ದಿದ್ದರಿಂದ. 1643–44ರಲ್ಲಿ ವಿಲಿಯಂ ಡೌಸಿಂಗ್ ಅಂತ ಒಬ್ಬ ಪಾರ್ಲಿಮೆಂಟಿನ ಕಡೆಯಿಂದ ಆಜ್ಞೆ ಹಿಡಿದು 250ಕ್ಕೂ ಹೆಚ್ಚು ಚರ್ಚು ಸುತ್ತಿ ಚಿತ್ರ, ಗಾಜು ಒಡೆಸಿದ. ಎಲ್ಲಿ ಏನು ಒಡೆದೆ ಅಂತ ಡೈರಿಯನ್ನೂ ಬರೆದ. ಸಫೊಕ್‌ನ ಬ್ಲೈತ್‌ಬರ್ಗ್‌ನ ಮಾಡಿನ ದೇವದೂತರ ಮರದಲ್ಲಿ ಸೀಸದ ಗುಂಡು ಸಿಕ್ಕಿತು. ಇವನ ಕಡೆಯವರೇ ಗುಂಡು ಹಾರಿಸಿದ್ದು ಅಂತ ಬಹಳ ಕಾಲ ಹೇಳುತ್ತಿದ್ದರು. ಆದರೆ ಚರ್ಚಿನ ಲೆಕ್ಕದಲ್ಲಿ 18ನೇ ಶತಮಾನದ ಒಂದು ಖರ್ಚು ಇದೆ. ಮಾಡಿನಲ್ಲಿ ಗೂಡು ಕಟ್ಟಿದ ಕಾಗೆ ಜಾತಿಯ ಹಕ್ಕಿಗಳಿಗೆ ಗುಂಡು ಹೊಡೆದವರಿಗೆ ಮದ್ದು, ಗುಂಡಿನ ಹಣ ಕೊಟ್ಟದ್ದು.

ಅದೇ ಡೌಸಿಂಗ್ ಅಫರ್ಡ್ ಎಂಬ ಹಳ್ಳಿಗೆ ಹೋದಾಗ ಊರಿನವರು ಕೀಲಿ ಕೊಡದೆ ಕಾಯಿಸಿದರು. ಒಳಗೆ ಜ್ಞಾನಸ್ನಾನದ (ಕ್ರೈಸ್ತ ದೀಕ್ಷೆಗೆ ತಲೆಗೆ ನೀರು ಹಾಕುವ) ತೊಟ್ಟಿಯ ಮೇಲೆ ಮರದ ಮುಚ್ಚಳ ಇತ್ತು, 18 ಅಡಿ ಎತ್ತರ, ತುದಿಯಲ್ಲಿ ತನ್ನ ಎದೆ ಕುಕ್ಕಿಕೊಳ್ಳುವ ಹಕ್ಕಿ. ಇಂಥದ್ದನ್ನು ಒಡೆಯಲೆಂದೇ ಹೊರಟವನು ಕೂಡ ಡೈರಿಯಲ್ಲಿ ಅದರ ವೈಭವ ಬರೆದುಕೊಂಡ. ಮುಚ್ಚಳ ಇವತ್ತಿಗೂ ಇದೆ. ಅದರ ಕೆಳಭಾಗ ಮೇಲಕ್ಕೆ ಜಾರಿ ಮೇಲಿನ ಭಾಗವನ್ನು ಒಳಗೆ ಸೇರಿಸಿಕೊಳ್ಳುತ್ತದೆ, ಹಾಗಾಗಿ ಅಷ್ಟು ಭಾರದ್ದನ್ನು ಪೂರ್ತಿ ಎತ್ತಬೇಕಾಗಿಲ್ಲ. ಅಪ್ಪನಿಗೆ ಇದರ ವಿಡಿಯೋ ತೋರಿಸಿ, ಖಂಡಿತ ಇಷ್ಟವಾಗುತ್ತದೆ.

ಹಳೆಮನೆ ಅವರೇ, ಸುಣ್ಣ ಚಿತ್ರ ಉಳಿಸಿತು ಅಂದಿರಲ್ಲ. ಸಫೊಕ್‌ನ ವೆನ್‌ಹ್ಯಾಸ್ಟನ್‌ನಲ್ಲಿ ಆದದ್ದು ಕೇಳಿ. ಚಾನ್ಸೆಲ್ ಕಮಾನಿನ ಮೇಲ್ಭಾಗಕ್ಕೆ ಸುಣ್ಣ ಬಳಿದ ಹಲಗೆ ಹೊಡೆದಿದ್ದರು. 1892ರ ರಿಪೇರಿಯಲ್ಲಿ ಕೆಲಸಕ್ಕೆ ಬಾರದ್ದು ಅಂತ ಕಿತ್ತು ಹೊರಗೆ ಅಂಗಳಕ್ಕೆ ಎಸೆದರು. ರಾತ್ರಿ ಮಳೆ ಬಂತು. ಬೆಳಿಗ್ಗೆ ನೋಡಿದರೆ ಸುಣ್ಣ ತೊಳೆದುಹೋಗಿ ಕೊನೆಯ ತೀರ್ಪಿನ, ಅಂದರೆ ಲೋಕದ ಕೊನೆಗೆ ಯೇಸು ಎಲ್ಲರ ನ್ಯಾಯ ತೀರಿಸುವ, ದೊಡ್ಡ ಚಿತ್ರ ಎದ್ದಿತ್ತು. ಆತ್ಮಗಳನ್ನು ತೂಗುವ ಮಿಖೇಲ್, ಸ್ವರ್ಗದ ಬಾಗಿಲಲ್ಲಿ ಪೇತ್ರ, ಇನ್ನೊಂದು ಕಡೆ ನರಕದ ಬಾಯಿ. ನಡುವೆ ಮಾತ್ರ ಬಣ್ಣವೇ ಇಲ್ಲದ ಮೂರು ಆಕಾರ. ಒಂದು ಶಿಲುಬೆ, ಆಚೆ ಈಚೆ ಇಬ್ಬರು. ಆ ಮೂರ್ತಿಗಳನ್ನು ಹಲಗೆಗೇ ಜೋಡಿಸಿದ್ದರು, ಹಿಂದೆ ಬಣ್ಣ ಹಚ್ಚುವ ಅಗತ್ಯ ಇರಲಿಲ್ಲ. ಕಿತ್ತು ಹಾಕಿದ ರೂಡ್ ಹೇಗಿತ್ತು, ಎಷ್ಟು ಎತ್ತರ ಇತ್ತು ಅನ್ನುವುದನ್ನು ನಾನು ಅಲ್ಲೇ ಮೊದಲು ಕಣ್ಣಾರೆ ಕಂಡದ್ದು. ಅದರ ಮುಂದೆ ತುಂಬಾ ಹೊತ್ತು ನಿಂತಿದ್ದೆ.

ಶಂಕರಘಟ್ಟದ ಹುಡುಗ

ಇತಿಹಾಸ ಎಂ.ಎ. ವಿದ್ಯಾರ್ಥಿ. ಕಾಲ ಹೇಗೆ ಗುರುತಿಸುವುದು ಅಂತ ಯಾರೂ ಬರೆದಿಲ್ಲ, ಚಿಕ್ಕದಾಗಿ ಹೇಳುತ್ತೇನೆ. ಕಮಾನು ಅರ್ಧಚಂದ್ರದ ಹಾಗೆ ದುಂಡಗೆ, ಗೋಡೆ ದಪ್ಪ ಇದ್ದರೆ ನಾರ್ಮನ್ ಶೈಲಿ, 1066ರಿಂದ 12ನೇ ಶತಮಾನದ ಕೊನೆಯವರೆಗೆ. ಕಿಟಕಿ ಕಿರಿದಾಗಿ, ತುದಿ ಚೂಪಾಗಿದ್ದರೆ 13ನೇ ಶತಮಾನ. ಕಿಟಕಿಯ ಕಲ್ಲಿನ ಜಾಲರಿ ಬಳ್ಳಿಯಂತೆ ಬಳುಕಿದ್ದರೆ 14ನೆಯದರ ಮೊದಲರ್ಧ. 1348–49ರ ದೊಡ್ಡ ಪ್ಲೇಗ್‌ನಲ್ಲಿ ಕೆಲಸಗಾರರೂ ಸತ್ತರು, ಕಟ್ಟಡಗಳೂ ನಿಂತವು. ಆಮೇಲೆ ಎಲ್ಲೆಡೆ ಹರಡಿದ್ದು ನೇರ ಗೆರೆಗಳ ದೊಡ್ಡ ಕಿಟಕಿ, ಅದು 1530ರ ಹೊತ್ತಿನವರೆಗೂ ನಡೆಯಿತು. ಈ ಶೈಲಿಗಳಿಗೆ ಈಗ ಬಳಸುವ ಹೆಸರು ಕೊಟ್ಟವರು ಥಾಮಸ್ ರಿಕ್‌ಮನ್, 1817ರಲ್ಲಿ. ಆದರೆ ಹಳೇ ಗೋಡೆ ಒಡೆದು ಹೊಸ ಕಿಟಕಿ ಇಟ್ಟದ್ದೇ ಜಾಸ್ತಿ. ಕಿಟಕಿ ನೋಡಿ ಗೋಡೆಯ ವಯಸ್ಸು ಹೇಳಲು ಹೋಗಬೇಡಿ.

ಒಂದು ಪ್ರಶ್ನೆ, ಮೇಡಂ. ಜನ ಕೂರುತ್ತಿದ್ದದ್ದು ಎಲ್ಲಿ?

ತುಂಗೆಯಮಗಳು, ಶಿವಮೊಗ್ಗ

ಮೊದಲು ಕೂರುತ್ತಲೇ ಇರಲಿಲ್ಲ. ನಿಂತು, ಮೊಣಕಾಲೂರಿ ಪೂಜೆ ನೋಡುತ್ತಿದ್ದರು. ಗೋಡೆಯ ಉದ್ದಕ್ಕೆ ಕಲ್ಲಿನ ಜಗಲಿ ಕೆಲವು ಕಡೆ ಇತ್ತು. ಸಾಲು ಬೆಂಚು ಎಲ್ಲ ಕಡೆ ಬಂದದ್ದು ಹೆಚ್ಚಾಗಿ 15ನೇ ಶತಮಾನದಲ್ಲಿ, ಎತ್ತರದ ಉಪದೇಶದ ಪೀಠವೂ ಸುಮಾರು ಆಗಲೇ. ಬೆಂಚಿನ ತುದಿಯ ಎಲೆ ಗೊಂಚಲಿನ ಕೆತ್ತನೆ ಕೈ ತಾಗಿ ತಾಗಿ ನುಣ್ಣಗಾಗಿರುತ್ತದೆ.

ಗಂಧದಕೊರಡು ಅವರೇ, ಮುಂದಿನ ಸಲ ಹುಡುಗಿ ಹೋದಾಗ ಎರಡು ಕಡೆ ನೋಡಲು ಹೇಳಿ. ಜ್ಞಾನಸ್ನಾನದ ತೊಟ್ಟಿಯ ಅಂಚು. ಅದರ ನೀರನ್ನು ಮಾಟಕ್ಕೆ ಕದಿಯುತ್ತಾರೆ ಅಂತ 13ನೇ ಶತಮಾನದಲ್ಲಿ ಮುಚ್ಚಳಕ್ಕೆ ಬೀಗ ಹಾಕಿಸಿದರು. ಆಮೇಲೆ ಆ ಕಬ್ಬಿಣದ ಕೊಂಡಿ ಕಿತ್ತಾಗ ಕಲ್ಲು ಒಡೆದ ಗುರುತು ಎದುರು ಬದುರಾಗಿ ಎರಡು ಕಡೆ ಸಿಗುತ್ತದೆ. ಇನ್ನೊಂದು, ಪಕ್ಕದ ಪಡಸಾಲೆಯ ಗೋಡೆಯಲ್ಲೂ ಪಿಸಿನಾ ಇದೆಯಾ ಅಂತ. ಇದ್ದರೆ ಅಲ್ಲಿ ಊರಿನ ಯಾವುದೋ ಸಂಘದವರದ್ದೋ ಮನೆತನದವರದ್ದೋ ಇನ್ನೊಂದು ಬಲಿಪೀಠ ಇತ್ತು ಅಂತ ಅರ್ಥ. ಬೀಗ ಹಾಕಿದ್ದರೆ ಮುಖಮಂಟಪದ ನೋಟಿಸ್ ಬೋರ್ಡ್ ನೋಡಲಿ, ಕೀಲಿ ಯಾರ ಮನೆಯಲ್ಲಿದೆ ಅಂತ ಎಷ್ಟೋ ಕಡೆ ಬರೆದಿರುತ್ತಾರೆ. ಕುರ್ಚಿಯ ಅಡಿ ಕತ್ತಲು, ಟಾರ್ಚ್ ಇರಲಿ.